ಯಾವ ಪೈಥಾನ್? ಟೂಲ್‌ಗಳು ಮತ್ತು ಇನ್‌ಸ್ಟಾಲೇಷನ್‌ಗಳ ಹೊಂದಾಣಿಕೆ

ಎಲ್ಲರಿಗೂ ನಮಸ್ಕಾರ.

ಪ್ಯಾಕೇಜ್‌ಗಳನ್ನು ಹಾಕಿಕೊಡುವ ಪಿಪ್ "ಈಗಾಗಲೇ ಇನ್‌ಸ್ಟಾಲ್ ಆಗಿದೆ" ಎನ್ನುತ್ತದೆ, ಪ್ರೋಗ್ರಾಂ "ಅಂಥ ಮಾಡ್ಯೂಲ್ ಇಲ್ಲ" ಎನ್ನುತ್ತದೆ. ಟರ್ಮಿನಲ್‌ನಲ್ಲಿ ಸಲೀಸಾಗಿ ಓಡಿದ ಟೆಸ್ಟ್ ಎಡಿಟರ್‌ನಲ್ಲಿ ಬಿದ್ದುಹೋಗುತ್ತದೆ. ಇನ್ನು ಕೆಲವೊಮ್ಮೆ ಎಡಿಟರ್ ತುಂಬ ಕೆಂಪು ಗೆರೆ, ಆದರೆ ಕೋಡ್ ಓಡಿಸಿದರೆ ಏನೂ ತಪ್ಪಿಲ್ಲ. ಪೈಥಾನ್ ಬಳಸುವ ಯಾರಿಗೂ ಇವು ಹೊಸತಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕೋಡ್ ತಿದ್ದಲು ಕೂರುತ್ತಾರೆ, ಇಲ್ಲವೇ ಪ್ಯಾಕೇಜನ್ನು ಕಿತ್ತು ಮತ್ತೆ ಹಾಕುತ್ತಾರೆ. ಎರಡೂ ದಂಡ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಟೂಲ್ ಈಗ ಯಾವ ಪೈಥಾನ್ ಜೊತೆ ಮಾತಾಡುತ್ತಿದೆ?

"3.12" ಎಂಬ ಉತ್ತರ ಇಲ್ಲಿ ಸಾಲದು. ಉಬುಂಟು 24.04ರ ಜೊತೆಗೇ ಬರುವುದು 3.12. ಪೈಥಾನ್ ಡಾಟ್ ಆರ್ಗ್‌ನಿಂದ ಇಳಿಸಿಕೊಂಡದ್ದೂ 3.12 ಇರಬಹುದು. ಪೈಥಾನ್ ಹಾಕಿಕೊಡುವ ಟೂಲ್‌ಗಳಾದ ಹೋಂಬ್ರೂ, ಪೈಎನ್ವ್, ಕೋಂಡಾ, ಯೂವಿ ಪ್ರತಿಯೊಂದೂ ತನ್ನದೇ 3.12 ಕೊಡುತ್ತದೆ. ಭಾಷೆ ಒಂದೇ. ಆದರೆ ಪ್ಯಾಕೇಜ್‌ಗಳು ಕೂರುವ ಫೋಲ್ಡರ್ ಬೇರೆ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಬೇರೆ, ಕಂಪೈಲ್ ಮಾಡುವಾಗ ಕೊಟ್ಟ ಆಯ್ಕೆಗಳು ಬೇರೆ, ಆ ಫೋಲ್ಡರಿಗೆ ಬರೆಯುವ ಹಕ್ಕು ಯಾರದ್ದು ಎಂಬುದೂ ಬೇರೆ. 3.12 ಎಂಬುದು ಬಾಗಿಲ ಸಂಖ್ಯೆ ಮಾತ್ರ. ಬೀದಿ ಗೊತ್ತಿಲ್ಲದೆ ಮನೆ ಸಿಗದು. ಟೂಲ್ ಮತ್ತು ಪೈಥಾನ್ ನಡುವಿನ ನಂಟನ್ನು ಆವೃತ್ತಿಯ ಸಂಖ್ಯೆಯಿಂದಲ್ಲ, ಪೂರ್ತಿ ಪಾತ್‌ನಿಂದ, ಅಂದರೆ ಡಿಸ್ಕ್‌ನಲ್ಲಿ ಅದಿರುವ ವಿಳಾಸದಿಂದ ಗುರುತಿಸಬೇಕು. ಇವತ್ತಿನ ಮಾತೆಲ್ಲ ಇದರ ವಿಸ್ತರಣೆ.

ಗುರುತು ಹಿಡಿಯಲು ನಾಲ್ಕು ಮೌಲ್ಯಗಳನ್ನು ಪ್ರಿಂಟ್ ಮಾಡಿದರೆ ಸಾಕು. ಸಿಸ್.ಎಕ್ಸಿಕ್ಯೂಟಬಲ್ ಎಂಬುದು ಓಡುತ್ತಿರುವ ಇಂಟರ್‌ಪ್ರಿಟರ್‌ನ (ಕೋಡನ್ನು ಓಡಿಸುವ ಪೈಥಾನ್ ಪ್ರೋಗ್ರಾಂನ) ಪಾತ್. ಸಿಸ್.ಪ್ರಿಫಿಕ್ಸ್ ಮತ್ತು ಸಿಸ್.ಬೇಸ್_ಪ್ರಿಫಿಕ್ಸ್ ಬೇರೆಬೇರೆ ಇದ್ದರೆ ನೀವು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನ ಪ್ಯಾಕೇಜ್‌ಗಳಿಗೆಂದೇ ಮಾಡಿದ ಪ್ರತ್ಯೇಕ ಫೋಲ್ಡರ್) ಒಳಗಿದ್ದೀರಿ; ಎರಡನೆಯದು ಅದರ ಮೂಲ ಪೈಥಾನ್ ಎಲ್ಲಿದೆ ಎಂದು ಹೇಳುತ್ತದೆ. ನಾಲ್ಕನೆಯದು ಸಿಸ್‌ಕಾನ್ಫಿಗ್ ಮಾಡ್ಯೂಲ್ ಕೊಡುವ ಪ್ಲಾಟ್‌ಫಾರ್ಮ್ ಹೆಸರು. ಆಪಲ್ ಎಂ1 ಯಂತ್ರದ ಮೇಲೆ ಅದು 'ಎಕ್ಸ್86_64' ಎಂದರೆ, ರೊಸೆಟ್ಟಾ ಎಂಬ ಆಪಲ್‌ನ ಅನುವಾದಕದ ಮೂಲಕ ಇಂಟೆಲ್ ಪೈಥಾನ್ ಓಡುತ್ತಿದೆ ಎಂದರ್ಥ. ಈ ನಾಲ್ಕನ್ನು ಟರ್ಮಿನಲ್‌ನಲ್ಲಿ ಒಮ್ಮೆ, ತಕರಾರು ಮಾಡುತ್ತಿರುವ ಟೂಲ್‌ನ ಒಳಗಿಂದ ಇನ್ನೊಮ್ಮೆ ಓಡಿಸಿ. ಟೆಸ್ಟ್ ಬೀಳುತ್ತಿದ್ದರೆ ಟೆಸ್ಟ್ ಫೈಲ್‌ನಲ್ಲೇ ಬರೆಯಿರಿ, ನೋಟ್‌ಬುಕ್ ಆದರೆ ಸೆಲ್‌ನಲ್ಲಿ. ಎರಡು ಕಡೆಯ ಉತ್ತರ ಬೇರೆಯಾದರೆ ಹುಡುಕಾಟ ಅಲ್ಲಿಗೇ ಅರ್ಧ ಮುಗಿಯಿತು.

ಒಳಗಿನ ಟೂಲ್, ಹೊರಗಿನ ಟೂಲ್

ಟೂಲ್‌ಗಳನ್ನು ಅವುಗಳ ಕೆಲಸದ ಪ್ರಕಾರ ವಿಂಗಡಿಸುವುದು ರೂಢಿ: ಕೋಡ್ ಓದಿ ತಪ್ಪು ತೋರಿಸುವ ಲಿಂಟರ್, ಕೋಡನ್ನು ಓರಣ ಮಾಡುವ ಫಾರ್ಮ್ಯಾಟರ್, ಓಡುವಾಗ ದೋಷ ಹುಡುಕುವ ಡೀಬಗರ್ ಹೀಗೆ. ಹೊಂದಾಣಿಕೆಯ ವಿಷಯಕ್ಕೆ ಬಂದಾಗ ಆ ವಿಂಗಡಣೆ ಪ್ರಯೋಜನಕ್ಕೆ ಬರುವುದಿಲ್ಲ. ಟೂಲ್ ನಿಮ್ಮ ಇಂಟರ್‌ಪ್ರಿಟರ್‌ನ ಒಳಗೇ ಓಡುತ್ತದೋ, ಹೊರಗೆ ನಿಂತು ನೋಡುತ್ತದೋ ಎಂಬುದೇ ಮುಖ್ಯ.

ಟೆಸ್ಟ್ ಓಡಿಸುವ ಪೈಟೆಸ್ಟ್, ಡೀಬಗರ್ ಆದ ಡೀಬಗ್‌ಪೈ, ನೋಟ್‌ಬುಕ್‌ನ ಸೆಲ್ ಓಡಿಸುವ ಐಪೈಕರ್ನಲ್, ಟೆಸ್ಟ್ ಎಷ್ಟು ಕೋಡ್ ಮುಟ್ಟಿತೆಂದು ಅಳೆಯುವ ಕವರೇಜ್ ಇವೆಲ್ಲ ಒಳಗಿನವು. ನಿಮ್ಮ ಕೋಡ್ ಓಡುವ ಪ್ರಾಸೆಸ್‌ನಲ್ಲೇ ಇವೂ ಓಡುತ್ತವೆ. ಆದ್ದರಿಂದ ಇವು ಆ ಎನ್ವಿರಾನ್‌ಮೆಂಟ್‌ನಲ್ಲೇ ಇರಬೇಕು, ಅಥವಾ ಎಡಿಟರ್ ಅವನ್ನು ಅದರೊಳಕ್ಕೆ ತೂರಿಸಬೇಕು. ಪೈಟೆಸ್ಟನ್ನು ಪೈಪ್‌ಎಕ್ಸ್ ಮೂಲಕ ಹಾಕಿಕೊಂಡವರು ಪ್ರಾಜೆಕ್ಟಿನ ಯಾವ ಪ್ಯಾಕೇಜೂ ಸಿಗುತ್ತಿಲ್ಲ ಎಂದು ಒದ್ದಾಡುವುದು ಇದಕ್ಕೇ. ಪೈಪ್‌ಎಕ್ಸ್ ಪ್ರತಿ ಟೂಲ್‌ಗೂ ಪ್ರತ್ಯೇಕ ಎನ್ವಿರಾನ್‌ಮೆಂಟ್ ಕಟ್ಟುತ್ತದೆ. ಒಳಗಿನ ಟೂಲ್‌ಗೆ ಅದು ತಕ್ಕ ಜಾಗವಲ್ಲ.

ಲಿಂಟರ್ ಆದ ರಫ್ ಪೂರ್ತಿ ಹೊರಗಿನ ಟೂಲ್. ರಸ್ಟ್‌ನಲ್ಲಿ ಬರೆದದ್ದು, ಅದಕ್ಕೆ ಪೈಥಾನೇ ಬೇಡ. ಯಾವ ಆವೃತ್ತಿಯ ವ್ಯಾಕರಣಕ್ಕೆ ತಕ್ಕಂತೆ ನೋಡಬೇಕು ಎಂಬುದನ್ನು 'ಟಾರ್ಗೆಟ್-ವರ್ಷನ್' ಸೆಟ್ಟಿಂಗ್‌ನಿಂದಲೋ ಪ್ರಾಜೆಕ್ಟಿನ 'ರಿಕ್ವೈರ್ಸ್-ಪೈಥಾನ್' ಸಾಲಿನಿಂದಲೋ ತಿಳಿದುಕೊಳ್ಳುತ್ತದೆ. ಟೈಪ್ ಪರೀಕ್ಷಿಸುವ ಪೈರೈಟ್ ಸಹ ಹೊರಗಿನದೇ, ಓಡುವುದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮೇಲೆ. ಆದರೆ ಪ್ಯಾಕೇಜ್‌ಗಳು ಎಲ್ಲಿವೆ ಎಂದು ತಿಳಿಯಲು ನೀವು ಆರಿಸಿದ ಇಂಟರ್‌ಪ್ರಿಟರನ್ನು ಒಮ್ಮೆ ಓಡಿಸಿ ಪ್ಯಾಕೇಜ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಾದ ಸಿಸ್.ಪಾತ್ ಕೇಳಿಕೊಳ್ಳುತ್ತದೆ. ತಪ್ಪು ಇಂಟರ್‌ಪ್ರಿಟರ್ ಆರಿಸಿದ್ದರೆ ತಪ್ಪು ಪಟ್ಟಿ, ಅದರಿಂದ ಕೆಂಪು ಗೆರೆ.

ಹೆಚ್ಚು ಜನ ಎಡವುವುದು ನಡುವಿನ ಗುಂಪಿನಲ್ಲಿ: ಟೈಪ್ ಪರೀಕ್ಷಿಸುವ ಮೈಪೈ, ಲಿಂಟರ್ ಆದ ಪೈಲಿಂಟ್, ಫಾರ್ಮ್ಯಾಟರ್ ಆದ ಬ್ಲ್ಯಾಕ್. ಇವು ನಿಮ್ಮ ಕೋಡನ್ನು ಓಡಿಸುವುದಿಲ್ಲ, ಓದುತ್ತವೆ. ಓದಲು ಮೈಪೈ ಮತ್ತು ಪೈಲಿಂಟ್ ತಾವು ಓಡುತ್ತಿರುವ ಪೈಥಾನ್‌ನ ಪಾರ್ಸರನ್ನೇ (ಕೋಡ್‌ನ ವ್ಯಾಕರಣ ಬಿಡಿಸುವ ಭಾಗ) ಬಳಸುತ್ತವೆ. 3.9ರ ಮೇಲೆ ಹಾಕಿದ ಪೈಲಿಂಟ್‌ಗೆ 3.10ರಲ್ಲಿ ಬಂದ 'ಮ್ಯಾಚ್' ಹೇಳಿಕೆ ಕಂಡರೆ ಅದು ಸಿಂಟ್ಯಾಕ್ಸ್ ದೋಷವೇ. ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗದು. ಬ್ಲ್ಯಾಕ್ ಫಾರ್ಮ್ಯಾಟ್ ಮಾಡಲು ತನ್ನದೇ ಪಾರ್ಸರ್ ಇಟ್ಟುಕೊಂಡಿದೆ, ಆದರೆ ಮಾಡಿದ ಮೇಲೆ ಕೋಡ್‌ನ ಅರ್ಥ ಬದಲಾಗಿಲ್ಲವೆಂದು ಪರೀಕ್ಷಿಸಲು ಓಡುತ್ತಿರುವ ಪೈಥಾನ್‌ನ ಪಾರ್ಸರ್‌ಗೇ ಮರಳುತ್ತದೆ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಈ ಮೂರನ್ನು ಪ್ರಾಜೆಕ್ಟಿನ ಆವೃತ್ತಿ ಅಥವಾ ಅದಕ್ಕಿಂತ ಹೊಸ ಪೈಥಾನ್ ಮೇಲೆ ಓಡಿಸಬೇಕು, ಹಳೆಯದರ ಮೇಲೆ ಎಂದೂ ಬೇಡ. ಮೈಪೈ ಬೇರೆ ಕಡೆ ಇದ್ದರೆ '--ಪೈಥಾನ್-ಎಕ್ಸಿಕ್ಯೂಟಬಲ್' ಎಂದು ಪ್ರಾಜೆಕ್ಟಿನ ಇಂಟರ್‌ಪ್ರಿಟರ್ ತೋರಿಸಿ. ಲೈಬ್ರರಿಗಳ ಟೈಪ್ ಮಾಹಿತಿಯನ್ನು ಅಲ್ಲಿಂದ ತೆಗೆದುಕೊಳ್ಳುತ್ತದೆ. ಗಿಟ್ ಕಮಿಟ್‌ಗೆ ಮೊದಲು ಟೂಲ್‌ಗಳನ್ನು ಓಡಿಸುವ ಪ್ರಿ-ಕಮಿಟ್ ಒಳಗಿನ ಮೈಪೈಗೂ ಇದೇ ಸಮಸ್ಯೆ. ಅದು ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ ಕೂತಿರುವುದರಿಂದ ನಿಮ್ಮ ಲೈಬ್ರರಿಗಳು ಅದಕ್ಕೆ ಕಾಣಿಸವು. 'ಅಡಿಷನಲ್_ಡಿಪೆಂಡೆನ್ಸೀಸ್' ಅಡಿಯಲ್ಲಿ ಬರೆದುಕೊಡಬೇಕು.

ಪಾತ್ ತಪ್ಪಿಸುವ ದಾರಿಗಳು

ಟರ್ಮಿನಲ್‌ನಲ್ಲಿ ಬರಿ 'ಪೈಥಾನ್' ಎಂದು ಹೊಡೆದಾಗ ಸಿಗುವುದು ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಾದ ಪಾತ್ ವೇರಿಯಬಲ್‌ನಲ್ಲಿ ಮೊದಲು ಸಿಕ್ಕ ಪೈಥಾನ್. 'ವಿಚ್ -ಎ ಪೈಥಾನ್3' ಎಂದರೆ ಸಾಲಿನಲ್ಲಿರುವ ಎಲ್ಲವೂ ಕಾಣುತ್ತವೆ. ಪಿಪ್ ಎಂಬ ಕಮಾಂಡ್ ಬೇರೊಂದು ಪೈಥಾನ್‌ನದ್ದಾಗಿರಬಹುದು, ಅದನ್ನು ನಂಬಬೇಡಿ. 'ಪೈಥಾನ್ -ಎಂ ಪಿಪ್' ಎಂದೇ ಕರೆಯಿರಿ, ಆಗ ಯಾವ ಪೈಥಾನ್‌ಗೆ ಇನ್‌ಸ್ಟಾಲ್ ಆಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 22.3ರಿಂದ ಪಿಪ್‌ಗೇ '--ಪೈಥಾನ್' ಎಂಬ ಆಯ್ಕೆಯೂ ಇದೆ, ಬೇರೆ ಇಂಟರ್‌ಪ್ರಿಟರ್‌ನ ಪಾತ್ ಕೊಡಬಹುದು. ಯೂವಿ ಕಟ್ಟಿದ ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ 'ಪಿಪ್ ಎಂಬ ಮಾಡ್ಯೂಲ್ ಇಲ್ಲ' ಎಂಬ ಉತ್ತರ ಬಂದರೆ ಗಾಬರಿ ಬೇಡ: ಯೂವಿ ಪಿಪ್ ಹಾಕುವುದೇ ಇಲ್ಲ. ಎಡಿಟರ್ ತಾನೇ ಪಿಪ್ ಮೂಲಕ ಏನಾದರೂ ಹಾಕಲು ಹೋದಾಗ ಇದು ಬಯಲಾಗುತ್ತದೆ. 'ಯೂವಿ ವೆನ್ವ್ --ಸೀಡ್' ಎಂದು ಕಟ್ಟಿದರೆ ಪಿಪ್ ಜೊತೆಗೇ ಬರುತ್ತದೆ.

ಪೈಎನ್ವ್ ಪಾತ್‌ನ ಮುಂದೆ ತನ್ನ 'ಶಿಮ್ಸ್' ಫೋಲ್ಡರ್ ಇಡುತ್ತದೆ. ಅದರಲ್ಲಿರುವ 'ಪೈಥಾನ್' ನಿಜವಾದ ಇಂಟರ್‌ಪ್ರಿಟರ್ ಅಲ್ಲ, ಚಿಕ್ಕದೊಂದು ಶೆಲ್ ಸ್ಕ್ರಿಪ್ಟ್. ಅದು ಮೊದಲು 'ಪೈಎನ್ವ್_ವರ್ಷನ್' ವೇರಿಯಬಲ್ ನೋಡುತ್ತದೆ, ಆಮೇಲೆ ಈಗಿರುವ ಫೋಲ್ಡರ್ ಮತ್ತು ಅದರ ಮೇಲಿನ ಫೋಲ್ಡರ್‌ಗಳಲ್ಲಿ '.ಪೈಥಾನ್-ವರ್ಷನ್' ಫೈಲ್ ಹುಡುಕುತ್ತದೆ, ಕೊನೆಗೆ ಗ್ಲೋಬಲ್ ಆವೃತ್ತಿಗೆ ಬರುತ್ತದೆ. ಎಡಿಟರ್‌ಗೆ ಈ ಶಿಮ್‌ನ ಪಾತ್ ಕೊಟ್ಟರೆ, ಎಡಿಟರ್ ಯಾವ ಫೋಲ್ಡರ್‌ನಿಂದ ಕರೆಯಿತು ಎಂಬುದರ ಮೇಲೆ ಪೈಥಾನೇ ಬದಲಾಗುತ್ತದೆ. 'ಪೈಎನ್ವ್ ವಿಚ್ ಪೈಥಾನ್' ಕೊಡುವ ನಿಜವಾದ ಪಾತನ್ನು ಕೊಡಿ. ಪೈಎನ್ವ್ ಬಗ್ಗೆ ಇನ್ನೊಂದು: ಅದು ಸೋರ್ಸ್‌ನಿಂದ ಕಂಪೈಲ್ ಮಾಡುತ್ತದೆ. ಉಬುಂಟುವಿನಲ್ಲಿ ಲಿಬ್‌ಎಫ್‌ಎಫ್‌ಐ, ಲಿಬ್‌ಎಸ್‌ಕ್ಯೂಲೈಟ್3, ಲಿಬ್‌ಎಲ್‌ಝೆಡ್‌ಎಂಎ ಇವುಗಳ 'ಡೆವ್' ಪ್ಯಾಕೇಜ್‌ಗಳು ಇಲ್ಲದಿದ್ದರೂ ಕಂಪೈಲ್ ಮುಗಿದುಬಿಡಬಹುದು, ಒಂದು ಎಚ್ಚರಿಕೆಯ ಸಾಲು ಬಿಟ್ಟರೆ ದೂರೇನೂ ಇರುವುದಿಲ್ಲ. ವಾರಗಳ ನಂತರ ಯಾವುದೋ ಟೂಲ್ '_ಸಿಟೈಪ್ಸ್ ಇಲ್ಲ' ಎಂದಾಗ ಬೈಗುಳ ಆ ಟೂಲ್‌ಗೆ ಬೀಳುತ್ತದೆ. 'ಡೆವ್' ಪ್ಯಾಕೇಜ್‌ಗಳನ್ನು ಹಾಕಿ ಆ ಪೈಥಾನನ್ನು ಮತ್ತೆ ಕಂಪೈಲ್ ಮಾಡುವುದೊಂದೇ ಪರಿಹಾರ.

ಮ್ಯಾಕ್‌ನಲ್ಲಿ ಡಾಕ್‌ನಿಂದ ತೆರೆದ ಎಡಿಟರ್‌ಗೆ ನಿಮ್ಮ ಶೆಲ್‌ನ ಪಾತ್ ತಾನಾಗಿ ಸಿಗುವುದಿಲ್ಲ. ವಿಎಸ್ ಕೋಡ್ ಇದನ್ನು ಸರಿದೂಗಿಸಲು ಹಿನ್ನೆಲೆಯಲ್ಲಿ ಒಂದು ಶೆಲ್ ಓಡಿಸಿ ವೇರಿಯಬಲ್‌ಗಳನ್ನು ಓದಿಕೊಳ್ಳುತ್ತದೆ, 10 ಸೆಕೆಂಡ್ ಕಾಯುತ್ತದೆ. ನಿಮ್ಮ ಝಡ್‌ಶೆಲ್ ಶುರುವಾಗುವಾಗ ಓದುವ ಫೈಲ್ ಭಾರವಾಗಿದ್ದು ಅಷ್ಟರಲ್ಲಿ ಮುಗಿಯದಿದ್ದರೆ ಉಳಿಯುವುದು ಸಿಸ್ಟಂ ಪಾತ್ ಮಾತ್ರ. ಪಾತನ್ನು '.ಝಡ್‌ಶೆನ್ವ್' ಫೈಲ್‌ನಲ್ಲಿ ಬರೆದಿದ್ದರೆ ಇನ್ನೊಂದು ತೊಡಕು: ಲಾಗಿನ್ ಶೆಲ್‌ನಲ್ಲಿ ಅದಾದ ಮೇಲೆ ಓಡುವ 'ಪಾತ್_ಹೆಲ್ಪರ್' ಸಿಸ್ಟಂ ಫೋಲ್ಡರ್‌ಗಳನ್ನು ಮುಂದಕ್ಕೆ ತಂದು ನಿಮ್ಮವನ್ನು ಹಿಂದೆ ತಳ್ಳುತ್ತದೆ. '.ಝಡ್‌ಪ್ರೊಫೈಲ್'ನಲ್ಲಿ ಬರೆದರೆ ಈ ತೊಂದರೆ ಇಲ್ಲ.

ಸಿಸ್ಟಂ ಪೈಥಾನ್ ನಿಮ್ಮದಲ್ಲ

ಡೆಬಿಯನ್, ಉಬುಂಟುಗಳಲ್ಲಿ /ಯುಎಸ್‌ಆರ್/ಬಿನ್/ಪೈಥಾನ್3 ಇರುವುದು ಆಪರೇಟಿಂಗ್ ಸಿಸ್ಟಂನ ಸ್ವಂತ ಕೆಲಸಕ್ಕೆ. ಹೊಸ ಆವೃತ್ತಿ ಬೇಕೆಂದು 'ಅಪ್‌ಡೇಟ್-ಆಲ್ಟರ್ನೇಟಿವ್ಸ್' ಮೂಲಕ ಆ ಹೆಸರನ್ನು ಬೇರೆ ಪೈಥಾನ್‌ಗೆ ತಿರುಗಿಸುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಮಾಡಬೇಡಿ. 'ಆಪ್ಟ್_ಪಿಕೆಜಿ' ಎಂಬ ಮಾಡ್ಯೂಲ್ ಆ ಸಿಸ್ಟಂನ ಆವೃತ್ತಿಗೆಂದೇ ಕಂಪೈಲ್ ಆಗಿರುತ್ತದೆ. ಹೊಸ ಪೈಥಾನ್‌ಗೆ ಅದು ಕಾಣಿಸದು, ಅದನ್ನು ನೆಚ್ಚಿದ ಸಿಸ್ಟಂ ಟೂಲ್‌ಗಳೆಲ್ಲ ಒಂದೊಂದಾಗಿ ಕುಸಿಯುತ್ತವೆ. ರೆಡ್ ಹ್ಯಾಟ್ ಈ ಪಾಡು ಬೇಡವೆಂದೇ ಆರ್‌ಎಚ್‌ಇಎಲ್ 8ರಲ್ಲಿ ಸಿಸ್ಟಂ ಟೂಲ್‌ಗಳಿಗೆ 'ಪ್ಲಾಟ್‌ಫಾರ್ಮ್-ಪೈಥಾನ್' ಎಂದು ಬೇರೆಯೇ ಇಂಟರ್‌ಪ್ರಿಟರ್ ಇಟ್ಟಿತು.

ಸಿಸ್ಟಂ ಪೈಥಾನ್‌ಗೆ ಪಿಪ್‌ನಿಂದ ತುಂಬುವುದನ್ನು ತಡೆಯಲು ಪೆಪ್ 668 ಬಂದಿದೆ (ಪೆಪ್ ಎಂದರೆ ಪೈಥಾನ್‌ನ ಅಧಿಕೃತ ಪ್ರಸ್ತಾವ). ಸ್ಟ್ಯಾಂಡರ್ಡ್ ಲೈಬ್ರರಿಯ ಫೋಲ್ಡರ್‌ನಲ್ಲಿ 'ಎಕ್ಸ್‌ಟರ್ನಲಿ-ಮ್ಯಾನೇಜ್ಡ್' ಎಂಬ ಫೈಲ್ ಕಂಡರೆ 23.0ರಿಂದಾಚೆಯ ಪಿಪ್ ಇನ್‌ಸ್ಟಾಲ್ ಮಾಡಲು ಒಪ್ಪುವುದಿಲ್ಲ. 2023ರ ಡೆಬಿಯನ್ 12ರಲ್ಲಿ ಇದು ಜಾರಿಗೆ ಬಂತು. '--ಬ್ರೇಕ್-ಸಿಸ್ಟಂ-ಪ್ಯಾಕೇಜಸ್' ಹಾಕಿ ದಾಟುವ ದಾರಿ ಇದೆ, ಅದರ ಹೆಸರು ಏನು ಹೇಳುತ್ತದೋ ಅದೇ ಆಗುತ್ತದೆ. ಬದಲಿಗೆ ವೆನ್ವ್ (ವರ್ಚುವಲ್ ಎನ್ವಿರಾನ್‌ಮೆಂಟ್) ಕಟ್ಟಿಕೊಳ್ಳಿ, ಡೆಬಿಯನ್‌ನಲ್ಲಿ ಮೊದಲು 'ಪೈಥಾನ್3-ವೆನ್ವ್' ಪ್ಯಾಕೇಜ್ ಹಾಕಬೇಕಾಗುತ್ತದೆ, ಅದು ಪ್ರತ್ಯೇಕ.

ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಿಸ್ಟಂ ಸಮೇತ ಇಮೇಜ್ ಆಗಿ ಕಟ್ಟಿಡುವ ಡಾಕರ್‌ನಲ್ಲಿ ಇದರದ್ದೇ ಇನ್ನೊಂದು ಮುಖ. ಅಧಿಕೃತ 'ಪೈಥಾನ್:3.12-ಸ್ಲಿಮ್' ಇಮೇಜ್‌ನಲ್ಲಿ ಪೈಥಾನ್ ಇರುವುದು /ಯುಎಸ್‌ಆರ್/ಲೋಕಲ್ ಕೆಳಗೆ. ಅದರ ಮೇಲೆ 'ಆಪ್ಟ್ ಇನ್‌ಸ್ಟಾಲ್ ಪೈಥಾನ್3-ನಂಪೈ' ಎಂದರೆ ಡೆಬಿಯನ್‌ನ ಪೈಥಾನೂ ಒಳಗೆ ಬರುತ್ತದೆ, ನಂಪೈ ಅದಕ್ಕೆ ಸೇರುತ್ತದೆ. ನಿಮ್ಮ ಪ್ರೋಗ್ರಾಂ ಓಡಿಸುವ ಪೈಥಾನ್‌ಗೆ ಏನೂ ಸಿಗುವುದಿಲ್ಲ, ಇಮೇಜ್ ಮಾತ್ರ ದಪ್ಪವಾಗುತ್ತದೆ.

ವೆನ್ವ್ ಒಳಗೇನಿದೆ

2012ರಲ್ಲಿ, 3.3ರ ಜೊತೆ ಬಂದ ವೆನ್ವ್ ಪೈಥಾನ್‌ನ ಪ್ರತಿಯಲ್ಲ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದರ 'ಬಿನ್/ಪೈಥಾನ್' ಮೂಲ ಇಂಟರ್‌ಪ್ರಿಟರ್‌ಗೆ ಹಾಕಿದ ಸಿಂಬಾಲಿಕ್ ಲಿಂಕ್. ಪಕ್ಕದಲ್ಲಿ 'ಪೈವೆನ್ವ್.ಸಿಎಫ್‌ಜಿ' ಎಂಬ ಚಿಕ್ಕ ಫೈಲ್, ಅದರಲ್ಲಿ 'ಹೋಮ್' ಎಂಬ ಸಾಲು. ಇಷ್ಟರ ಮೇಲೆ ಎಲ್ಲವೂ ನಿಂತಿದೆ.

ಈಗ ಉಬುಂಟು 22.04ನ್ನು 24.04ಕ್ಕೆ ಏರಿಸಿದಿರಿ ಎನ್ನಿ. /ಯುಎಸ್‌ಆರ್/ಬಿನ್/ಪೈಥಾನ್3 ಮೊದಲು 3.10 ಇತ್ತು, ಈಗ 3.12. ವೆನ್ವ್‌ನ ಲಿಂಕ್ ಮುರಿದಿಲ್ಲ, ಹೊಸ ಪೈಥಾನ್ ಚೆನ್ನಾಗಿಯೇ ಶುರುವಾಗುತ್ತದೆ. ಆದರೆ ಅದು 'ಲಿಬ್/ಪೈಥಾನ್3.12' ಹುಡುಕುತ್ತದೆ, ನಿಮ್ಮ ಪ್ಯಾಕೇಜ್‌ಗಳಿರುವುದು 'ಲಿಬ್/ಪೈಥಾನ್3.10'ರಲ್ಲಿ. ಪಿಪ್ ಕೂಡ ಇಲ್ಲವೆನ್ನುತ್ತದೆ. ಫೋಲ್ಡರಿನ ಹೆಸರು ತಿದ್ದಿ ಸುಧಾರಿಸಲು ಹೋಗಬೇಡಿ, ಕಂಪೈಲ್ ಆದ ಪ್ಯಾಕೇಜ್‌ಗಳು ಅದರಿಂದ ಸರಿಯಾಗವು. ವೆನ್ವ್ ಅಳಿಸಿ, ರಿಕ್ವೈರ್‌ಮೆಂಟ್ಸ್ ಫೈಲ್‌ನಿಂದ ಮತ್ತೆ ಕಟ್ಟಿ. ಹೋಂಬ್ರೂ ಹಳೆಯ ಪೈಥಾನ್ ತೆಗೆದುಹಾಕಿದಾಗ ಪೈಪ್‌ಎಕ್ಸ್‌ನ ಟೂಲ್‌ಗಳೆಲ್ಲ ಒಂದೇ ದಿನ ನಿಲ್ಲುವುದೂ ಇಂಥದ್ದೇ ಕಾರಣಕ್ಕೆ. ಅಲ್ಲಿಗೆ ಮದ್ದು 'ಪೈಪ್‌ಎಕ್ಸ್ ರೀಇನ್‌ಸ್ಟಾಲ್-ಆಲ್'.

ವೆನ್ವ್ ಫೋಲ್ಡರನ್ನು ಬೇರೆ ಕಡೆಗೆ ಸರಿಸಿದರೂ ಕೆಡುತ್ತದೆ. 'ಬಿನ್' ಒಳಗಿನ ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಇಂಟರ್‌ಪ್ರಿಟರ್‌ನ ಪೂರ್ತಿ ಪಾತ್ ಬರೆದಿರುತ್ತದೆ. 'ಪೈಥಾನ್ -ಎಂ ಪೈಟೆಸ್ಟ್' ಎಂದರೆ ಓಡುತ್ತದೆ, ಬರಿ 'ಪೈಟೆಸ್ಟ್' ಎಂದರೆ ಹಳೆಯ ಪಾತ್‌ಗೆ ಹೋಗಿ ಬೀಳುತ್ತದೆ.

ಕೋಂಡಾ ಎನ್ವಿರಾನ್‌ಮೆಂಟ್‌ನ ರಚನೆಯೇ ಬೇರೆ. ಅದರಲ್ಲಿ ಪೂರ್ತಿ ಪೈಥಾನ್, ಜೊತೆಗೆ ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಗಳೂ ಇರುತ್ತವೆ. ವೆನ್ವನ್ನು ಆಕ್ಟಿವೇಟ್ ಮಾಡದೆ ಅದರ ಪೈಥಾನನ್ನು ನೇರವಾಗಿ ಕರೆದರೂ ಕೆಲಸ ನಡೆಯುತ್ತದೆ. ವಿಂಡೋಸ್‌ನಲ್ಲಿ ಕೋಂಡಾ ಹಾಗಲ್ಲ: ಆಕ್ಟಿವೇಟ್ ಮಾಡಿದಾಗ ಮಾತ್ರ 'ಲೈಬ್ರರಿ\ಬಿನ್' ಫೋಲ್ಡರ್ ಪಾತ್‌ಗೆ ಸೇರುತ್ತದೆ. ಟೂಲ್ ನೇರವಾಗಿ ಕರೆದರೆ ಎಸ್‌ಎಸ್‌ಎಲ್ ಮಾಡ್ಯೂಲ್ ಲೋಡ್ ಆಗದೆ ಪಿಪ್ ಇಂಟರ್‌ನೆಟ್‌ಗೇ ಹೋಗಲಾರದು. ಅಂಥ ಟೂಲನ್ನು 'ಕೋಂಡಾ ರನ್ -ಎನ್' ಮೂಲಕ ಕರೆಯಿರಿ, ಇಲ್ಲವೇ ಆಕ್ಟಿವೇಟ್ ಆದ ಪ್ರಾಂಪ್ಟ್‌ನಿಂದಲೇ ಎಡಿಟರ್ ತೆರೆಯಿರಿ.

ಕೋಂಡಾದ್ದು ಇನ್ನೊಂದು ಗುಪ್ತ ತೊಂದರೆ ಇದೆ. ಲಿನಕ್ಸ್‌ನಲ್ಲಿ 'ಪಿಪ್ ಇನ್‌ಸ್ಟಾಲ್ --ಯೂಸರ್' ಹಾಕಿದ್ದು ಹೋಮ್‌ನ '.ಲೋಕಲ್/ಲಿಬ್/ಪೈಥಾನ್3.12' ಕೆಳಗೆ ಹೋಗುತ್ತದೆ. ಆ ಯೂಸರ್‌ನ ಎಲ್ಲ 3.12ಗಳಿಗೂ ಅದೊಂದೇ ಫೋಲ್ಡರ್. ವೆನ್ವ್ ಅದನ್ನು ನೋಡುವುದಿಲ್ಲ, ಕೋಂಡಾ ನೋಡುತ್ತದೆ, ಅದೂ ತನ್ನ ಪ್ಯಾಕೇಜ್‌ಗಳಿಗಿಂತ ಮೊದಲು. ಸಿಸ್ಟಂ ಪೈಥಾನ್‌ಗೆಂದು ಯಾವಾಗಲೋ ಹಾಕಿದ ಹಳೆಯ ನಂಪೈ ಕೋಂಡಾದ ನಂಪೈಯನ್ನು ಮರೆಮಾಡಿ ಕೂರುತ್ತದೆ. 'ಪೈಥಾನ್‌ನೋಯೂಸರ್‌ಸೈಟ್=1' ಎಂದು ವೇರಿಯಬಲ್ ಕೊಟ್ಟು ಓಡಿಸಿ ನೋಡಿ; ಸರಿಹೋದರೆ ಕಳ್ಳ ಅಲ್ಲೇ ಇದ್ದಾನೆ.

ಕಂಪೈಲ್ ಆದ ಪ್ಯಾಕೇಜ್‌ಗಳ ಗುರುತಿನ ಚೀಟಿ

ಶುದ್ಧ ಪೈಥಾನ್‌ನಲ್ಲಿ ಬರೆದ ಪ್ಯಾಕೇಜ್‌ಗೆ ಇನ್‌ಸ್ಟಾಲೇಷನ್ ಯಾವುದಾದರೂ ನಡೆಯುತ್ತದೆ. ಸಿ, ಸಿ++, ರಸ್ಟ್ ಬೆರೆತಿದ್ದರೆ ಇಂಟರ್‌ಪ್ರಿಟರ್‌ನ ಎಬಿಐ (ಕಂಪೈಲ್ ಆದ ಕೋಡ್‌ಗಳು ಒಂದನ್ನೊಂದು ಕರೆಯುವ ಒಪ್ಪಂದ) ತಾಳೆಯಾಗಬೇಕು. ಇದು ಫೈಲ್‌ನ ಹೆಸರಿನಲ್ಲೇ ಬರೆದಿರುತ್ತದೆ: 'ಸಿಪೈಥಾನ್-312-ಎಕ್ಸ್86_64-ಲಿನಕ್ಸ್-ಗ್ನು.ಎಸ್‌ಒ'. 3.11 ಈ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ದೋಷದ ಸಂದೇಶ 'ಹೊಂದುವುದಿಲ್ಲ' ಎನ್ನದೆ 'ಮಾಡ್ಯೂಲ್ ಇಲ್ಲ' ಎನ್ನುತ್ತದೆ, ಫೈಲ್ ಕಣ್ಣೆದುರೇ ಇದ್ದರೂ. ಕ್ರಿಪ್ಟೋಗ್ರಫಿಯಂಥ ಕೆಲವು ಪ್ಯಾಕೇಜ್‌ಗಳು 'ಎಬಿಐ3' ಎಂಬ ಸ್ಥಿರ ಎಬಿಐ ಬಳಸುವುದರಿಂದ ಒಂದೇ ವೀಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್ ಫೈಲ್) ಹಲವು ಆವೃತ್ತಿಗಳಿಗೆ ಸಲ್ಲುತ್ತದೆ.

ವೀಲ್‌ನ ಹೆಸರಿನಲ್ಲಿ 'ಮೆನಿಲಿನಕ್ಸ್_2_28' ಎಂದಿದ್ದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ 2.28 ಅಥವಾ ಹೊಸತು ಬೇಕು. ಉಬುಂಟು 18.04ರಲ್ಲಿರುವುದು 2.27, ಅಲ್ಲಿಗೆ ಆ ವೀಲ್ ಸಲ್ಲದು. ಆಲ್ಪೈನ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿಯೇ ಇಲ್ಲ, ಅದರ ಬದಲು ಮಸಲ್ ಇದೆ. 'ಮಸಲ್‌ಲಿನಕ್ಸ್' ವೀಲ್ ಇಲ್ಲದ ಪ್ಯಾಕೇಜನ್ನು ಪಿಪ್ ಸೋರ್ಸ್‌ನಿಂದ ಕಟ್ಟಲು ಹೊರಡುತ್ತದೆ. ಕಂಪೈಲರ್ ಇಲ್ಲದ ಇಮೇಜ್ ಆದರೆ ಉದ್ದನೆಯ ದೋಷದ ಪಟ್ಟಿ. ಇದೇ ಲಕ್ಷಣ ಪಿಪ್ ಹಳೆಯದಾದರೂ ಬರುತ್ತದೆ: 20.3ಕ್ಕಿಂತ ಹಿಂದಿನ ಪಿಪ್‌ಗೆ ಈ ಹೊಸ ಬಗೆಯ ಹೆಸರುಗಳು ಗೊತ್ತೇ ಇಲ್ಲ. 'ಪೈಥಾನ್ -ಎಂ ಪಿಪ್ ಡೀಬಗ್ --ವರ್ಬೋಸ್' ಎಂದರೆ ಈ ಇಂಟರ್‌ಪ್ರಿಟರ್ ಒಪ್ಪುವ ಟ್ಯಾಗ್‌ಗಳ ಪಟ್ಟಿ ಸಿಗುತ್ತದೆ; ವೀಲ್‌ನ ಹೆಸರು ಅದರಲ್ಲಿ ಇದೆಯೇ ನೋಡಿ.

2024ರ ಅಕ್ಟೋಬರ್‌ನಲ್ಲಿ ಬಂದ 3.13ರಿಂದ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಪ್ರತ್ಯೇಕ ಬಿಲ್ಡ್ ಕೂಡ ಇದೆ, 'ಪೈಥಾನ್3.13ಟಿ'. ಆವೃತ್ತಿ ಸಂಖ್ಯೆ ಅದೇ, ಎಬಿಐ ಬೇರೆ. 3.13ರ ವೀಲ್ ಇದಕ್ಕೆ ಆಗದು, ಎಬಿಐ3 ವೀಲ್ ಕೂಡ ಆಗದು. ಈ ಬಿಲ್ಡ್‌ಗೆ ತಾನು ಸಿದ್ಧ ಎಂದು ಹೇಳಿಕೊಳ್ಳದ ಎಕ್ಸ್‌ಟೆನ್ಷನ್ ಇಂಪೋರ್ಟ್ ಆದರೆ ಎಚ್ಚರಿಕೆ ಕೊಟ್ಟು ಜಿಐಎಲ್ ಮತ್ತೆ ಚಾಲೂ ಆಗುತ್ತದೆ. ವೇಗ ಅಳೆಯಲು ಕೂತವರು 'ಸಿಸ್._ಈಸ್_ಜಿಐಎಲ್_ಎನೇಬಲ್ಡ್' ಕರೆದು ಖಚಿತಪಡಿಸಿಕೊಳ್ಳದೆ ಯಾವ ಅಂಕಿಯನ್ನೂ ಬರೆದುಕೊಳ್ಳಬಾರದು.

ಹೊಸ ಆವೃತ್ತಿ ಬಂದ ಮೊದಲ ತಿಂಗಳುಗಳಲ್ಲಿ

ಪ್ರತಿ ಅಕ್ಟೋಬರ್‌ಗೆ ಹೊಸ ಪೈಥಾನ್. ಮೊದಲು ಕೆಡುವುದು ಡೀಬಗರ್ ಮತ್ತು ಕೋಡ್‌ನ ವೇಗ ಅಳೆಯುವ ಪ್ರೊಫೈಲರ್‌ಗಳು, ಏಕೆಂದರೆ ಅವು ಇಂಟರ್‌ಪ್ರಿಟರ್‌ನ ಒಳರಚನೆಗೆ ಕೈಹಾಕುತ್ತವೆ. 3.11 ಫ್ರೇಮ್‌ಗಳ ಒಳರಚನೆ ಬದಲಿಸಿತು. 3.12 'ಡಿಸ್ಟ್‌ಯುಟಿಲ್ಸ್' ಮತ್ತು 'ಇಂಪ್' ಎಂಬ ಹಳೆಯ ಮಾಡ್ಯೂಲ್‌ಗಳೆರಡನ್ನೂ ತೆಗೆಯಿತು, ಹೊಸ ವೆನ್ವ್‌ಗೆ ಸೆಟಪ್‌ಟೂಲ್ಸ್ ಹಾಕುವುದನ್ನೂ ನಿಲ್ಲಿಸಿತು. 3.12ರಲ್ಲಿ 'ಇಂಪ್‌ಇಂಪೋರ್ಟರ್ ಇಲ್ಲ' ಎಂಬ ದೋಷ ಕಂಡರೆ ಎಲ್ಲೋ ಹಳೆಯ ಪಿಪ್ ಅಥವಾ ಸೆಟಪ್‌ಟೂಲ್ಸ್ ಬಿಗಿಯಾಗಿ ಪಿನ್ ಆಗಿದೆ ಎಂದು ತಿಳಿಯಿರಿ. ಅದೇ 3.12 ಕೋಡ್ ಓಡುವುದನ್ನು ಗಮನಿಸಲು 'ಸಿಸ್.ಮಾನಿಟರಿಂಗ್' ಕೊಟ್ಟಿತು; 'ಕವರೇಜ್_ಕೋರ್=ಸಿಸ್‌ಮಾನ್' ಎಂದು ಕೊಟ್ಟರೆ ಕವರೇಜ್ 7.4ರಿಂದಾಚೆ ಅದನ್ನೇ ಬಳಸುತ್ತದೆ.

ಪ್ರೊಫೈಲರ್ ಆದ ಪೈ-ಸ್ಪೈ ಹೊರಗಿನಿಂದ ಪ್ರಾಸೆಸ್‌ನ ಮೆಮೊರಿಯನ್ನೇ ಓದುತ್ತದೆ. ಆವೃತ್ತಿ ಬದಲಾದರೆ ಮೆಮೊರಿಯ ವಿನ್ಯಾಸ ಬದಲಾಗಬಹುದು, ಟೂಲ್ ಹೊಸದಾಗುವವರೆಗೆ ಕಾಯಬೇಕು. ಮ್ಯಾಕ್‌ನಲ್ಲಿ ಅದಕ್ಕೆ ರೂಟ್ ಬೇಕು, ರೂಟ್ ಇದ್ದರೂ /ಯುಎಸ್‌ಆರ್/ಬಿನ್ ಕೆಳಗಿನ ಪೈಥಾನನ್ನು ಸಿಸ್ಟಂನ ರಕ್ಷಣೆ ಓದಗೊಡುವುದಿಲ್ಲ. 3.14ರಲ್ಲಿ ಪೆಪ್ 768ರಿಂದ ಓಡುತ್ತಿರುವ ಪ್ರಾಸೆಸ್‌ಗೆ ಡೀಬಗರ್ ಸೇರಿಕೊಳ್ಳಲು ಅಧಿಕೃತ ಬಾಗಿಲೇ ಸಿಕ್ಕಿದೆ, 'ಪೈಥಾನ್ -ಎಂ ಪಿಡಿಬಿ -ಪಿ' ಎಂದು ಪ್ರಾಸೆಸ್ ಸಂಖ್ಯೆ ಕೊಟ್ಟರಾಯಿತು. ಬಹಳ ವರ್ಷಗಳಿಂದ ಬೇಕಾಗಿದ್ದ ಸೌಲಭ್ಯ ಇದು.

ವಿಂಡೋಸ್ ಮತ್ತು ಕನ್ನಡ ಅಕ್ಷರ

ವಿಂಡೋಸ್‌ನಲ್ಲಿ 'ಪೈಥಾನ್' ಎಂದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಅದು ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸ್ ಎಂಬ ಖಾಲಿ ಫೈಲ್. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. 'ಪೈ -0ಪಿ' ಎಂದರೆ ಇರುವ ಪೈಥಾನ್‌ಗಳೆಲ್ಲ ಪಾತ್ ಸಮೇತ ಕಾಣುತ್ತವೆ.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಇಲ್ಲಿ ಬೇರೆಯೇ ಒಂದು ಹೊಂದಾಣಿಕೆಯ ಸಮಸ್ಯೆ ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡ ಸಾಲು ಪ್ರಿಂಟ್ ಮಾಡಿದರೆ ದೋಷ ಬರುವುದಿಲ್ಲ, 3.6ರಿಂದ ಕನ್ಸೋಲ್‌ಗೆ ಪೈಥಾನ್ ಯೂನಿಕೋಡ್‌ನಲ್ಲೇ ಬರೆಯುತ್ತದೆ. ಅದೇ ಪ್ರೋಗ್ರಾಮನ್ನು ಎಡಿಟರ್‌ನ ಔಟ್‌ಪುಟ್ ಪ್ಯಾನೆಲ್ ಅಥವಾ ಬಿಲ್ಡ್ ಟೂಲ್ ಓಡಿಸಿದಾಗ 'ಚಾರ್‌ಮ್ಯಾಪ್ ಎನ್‌ಕೋಡ್ ಮಾಡಲಾರದು' ಎಂದು ಬೀಳುತ್ತದೆ. ಅಲ್ಲಿ ಔಟ್‌ಪುಟ್ ಹೋಗುವುದು ಕನ್ಸೋಲ್‌ಗಲ್ಲ, ಇನ್ನೊಂದು ಪ್ರೋಗ್ರಾಂಗೆ ಸಾಗಿಸುವ ಪೈಪ್‌ಗೆ. ಪೈಪ್‌ಗೆ ಬರೆಯುವಾಗ ಪೈಥಾನ್ ಯಂತ್ರದ ಹಳೆಯ ಕೋಡ್‌ಪೇಜ್ (ಅಕ್ಷರಗಳ ಸಂಕೇತಪಟ್ಟಿ) ಬಳಸುತ್ತದೆ, ಸಾಮಾನ್ಯವಾಗಿ 1252. ಕನ್ನಡಕ್ಕೆಂದು ವಿಂಡೋಸ್‌ನಲ್ಲಿ ಅಂಥ ಕೋಡ್‌ಪೇಜ್ ಇಲ್ಲವೇ ಇಲ್ಲ, ಆದ್ದರಿಂದ ಪ್ರದೇಶದ ಸೆಟ್ಟಿಂಗನ್ನು ಕನ್ನಡಕ್ಕೆ ಬದಲಿಸಿಯೂ ಉಪಯೋಗವಿಲ್ಲ. 'ಪೈಥಾನ್‌ಯುಟಿಎಫ್8=1' ಎಂಬ ವೇರಿಯಬಲ್ ಕೊಡಿ; 3.7ರಿಂದ ಇದೆ. ಟರ್ಮಿನಲ್‌ನಲ್ಲಿ ಕೊಟ್ಟರೆ ಸಾಲದು, ಎಡಿಟರ್‌ನ ಲಾಂಚ್ ಸೆಟ್ಟಿಂಗ್‌ನ 'ಎನ್ವ್' ಭಾಗದಲ್ಲೂ ಬರೆಯಬೇಕು, ಇಲ್ಲವೇ ವಿಂಡೋಸ್‌ನ ಯೂಸರ್ ವೇರಿಯಬಲ್ ಆಗಿಯೇ ಸೇರಿಸಬೇಕು.

ಎನ್‌ಕೋಡಿಂಗ್ ಹೇಳದೆ 'ಓಪನ್' ಕರೆದು ಫೈಲ್ ಓದಿದರೂ ಇದೇ ಕೋಡ್‌ಪೇಜ್ ಅಡ್ಡ ಬರುತ್ತದೆ. ಕೋಡ್‌ನಲ್ಲಿ ಅಂಥ ಜಾಗಗಳು ಎಲ್ಲೆಲ್ಲಿವೆ ಎಂದು 3.10ರಿಂದಾಚೆ '-ಎಕ್ಸ್ ವಾರ್ನ್_ಡೀಫಾಲ್ಟ್_ಎನ್‌ಕೋಡಿಂಗ್' ಆಯ್ಕೆ ತೋರಿಸಿಕೊಡುತ್ತದೆ. ಪೆಪ್ 686ರ ಪ್ರಕಾರ 3.15ರಿಂದ ಯುಟಿಎಫ್-8 ಮೋಡ್ ತಾನಾಗಿಯೇ ಚಾಲೂ ಇರುತ್ತದೆ. ಅಲ್ಲಿಯವರೆಗಿನ ಆವೃತ್ತಿಗಳ ಮೇಲೆ ಓಡಬೇಕಾದ ಕೋಡ್‌ನಲ್ಲಿ ಪ್ರತಿ 'ಓಪನ್'ಗೂ ಎನ್‌ಕೋಡಿಂಗ್ ಬರೆದೇ ಕೊಡಿ.